ಹನುಮಂತಪ್ಪ ಬಿಚ್ಚಿದ ಮಿಷನ್ನು

ಹರಿಹರದ ಹನುಮಂತಪ್ಪ ಯಾವ ಹೊಸ ವಸ್ತುವನ್ನೂ ಮುಂದಿನಿಂದ ನೋಡಿದವನಲ್ಲ. ಕೈಗೆ ಕೊಟ್ಟದ್ದನ್ನು ಮೊದಲು ಬೋರಲು ಹಾಕಿ ಸ್ಕ್ರೂ ಎಲ್ಲಿದೆ ಎಂದು ಹುಡುಕುವುದು ಅವನ ಪದ್ಧತಿ. ಶಾಮನೂರಿನ ಅಳಿಯ ಹೊಸ ಫೋನು ಕೊಂಡು, ಮಾವ ಮೆಚ್ಚಲಿ ಎಂದು ಹರಿಹರದವರೆಗೆ ಬೈಕಿನಲ್ಲಿ ಬಂದು ತೋರಿಸಿದಾಗಲೂ ಅಷ್ಟೇ. ಪರದೆಯ ಕಡೆ ಕಣ್ಣೇ ಹಾಯಿಸಲಿಲ್ಲ. ಹಿಂದೆ ತಿರುಗಿಸಿದ, ಅಂಚು ಸವರಿದ, ಎಲ್ಲೂ ಸ್ಕ್ರೂ ಕಾಣಲಿಲ್ಲ. "ಬಿಚ್ಚಾಕ ಬರದಿದ್ರೆ ಇದು ನಿಂದಲ್ಲಪ್ಪ, ಕಂಪನೀದು. ಕಾಯಾಕ ನಿನ್ನ ಜೇಬಿನಾಗ ಇಟ್ಟಾರೆ ಅಷ್ಟೆ" ಎಂದು ವಾಪಸ್ಸು ಕೊಟ್ಟ. ಅಳಿಯ ಚಹಾ ಕುಡಿದು ಸಪ್ಪೆ ಮುಖ ಮಾಡಿಕೊಂಡು ಹೋದ.

ಇಪ್ಪತ್ತನೇ ವಯಸ್ಸಿಗೆ ಕೊಂಡಜ್ಜಿಯ ಹೊಲ ಬಿಟ್ಟು ಹರಿಹರದ ಲೇತ್ ಕಾರ್ಖಾನೆ ಸೇರಿದವನು ಅವನು. ಕಬ್ಬಿಣವನ್ನು ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ಕಡೆಯುವ ಟರ್ನರ್. ಕಾರ್ಖಾನೆ ಮುಚ್ಚಿದಾಗ ನಲವತ್ತು ದಾಟಿತ್ತು. ಗುಜರಿಗೆ ಹೊರಟಿದ್ದ ಹಳೇ ಲೇತೊಂದನ್ನು ತಂದು ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ. ಅಂದಿನಿಂದ ದಾವಣಗೆರೆಯ ಮಂಡಕ್ಕಿ ಭಟ್ಟಿಯವರ ಮಿಷನ್ನುಗಳಿಗೆ ಶಾಫ್ಟು ಮಾಡಿಕೊಟ್ಟು ಬದುಕಿದ. ಅವನ ಶಾಫ್ಟು ಕಚ್ಚಿಕೊಂಡು ನಿಂತದ್ದೇ ಇಲ್ಲ. ಅದರ ತುದಿಯನ್ನು ಎಷ್ಟು ಓರೆ ಕಡೆಯುತ್ತಾನೆ ಎಂಬುದು ಅವನೊಬ್ಬನಿಗೇ ಗೊತ್ತು. ಬೇರೆ ಟರ್ನರ್ ಯಾರಾದರೂ ಮಾತಾಡಿಸುವ ನೆಪದಲ್ಲಿ ಶೆಡ್ಡಿಗೆ ಬಂದರೆ, ಕೆಲಸದ ಮೇಲೆ ಗೋಣಿಚೀಲ ಎಳೆದೇ "ಬರ್ರಿ, ಕೂಡ್ರಿ" ಅನ್ನುತ್ತಿದ್ದ.

ಇಂಥವನು ಕಂಪನಿಗಳ ಗುಟ್ಟಿನ ಬಗ್ಗೆ ಭಾಷಣ ಬಿಗಿಯುವುದನ್ನು ಕೇಳಬೇಕು. ಬೇರೆಯವರ ಶಾಯಿ ಹಾಕಿದರೆ ಮುಷ್ಕರ ಹೂಡುವ ಪ್ರಿಂಟರ್, ಹೆಸರು-ಕುಲ-ಗೋತ್ರ ಕೇಳದೆ ವಾರ್ತೆ ತೋರಿಸದ ಟಿವಿ, ಎರಡು ವರ್ಷಕ್ಕೆ ಸರಿಯಾಗಿ ಸುಸ್ತಾಗುವ ಬ್ಯಾಟರಿ, ಎಲ್ಲದರ ಮೇಲೂ ಅವನದೊಂದು ತೀರ್ಪಿತ್ತು. ವಿಡಿಯೋ ಗೇಮಿನ ಮೇಲಂತೂ ಮೇಲ್ಮನವಿಗೂ ಅವಕಾಶವಿಲ್ಲದ ತೀರ್ಪು. ಬಸ್ಸಿನಲ್ಲಿ ಯಾರಾದರೂ ಫೋನಿನೊಳಗೆ ಗುಂಡು ಹಾರಿಸುತ್ತಾ ಕೂತಿದ್ದರೆ, ಸೀಟು ಖಾಲಿಯಿದ್ದರೂ ಅವರ ಪಕ್ಕ ಕೂರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮರುವಾರ ಹೆಂಡತಿ ಅಂಜಿನವ್ವನಿಗೆ ಲಕ್ವಾ ಹೊಡೆಯಿತು. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದವಳು ಹಾಗೆಯೇ ಕುಸಿದಳು. ಪುಣ್ಯಕ್ಕೆ ಬೇಗ ಆಸ್ಪತ್ರೆ ಸೇರಿಸಿದರು. ಮಾತು ಉಳಿಯಿತು, ಕಾಲು ಮೆಲ್ಲಗೆ ಬಂತು, ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಒಳಕ್ಕೆ ಮುದುರಿ, ಮಣಿಕಟ್ಟು ನಡುಗುತ್ತಿತ್ತು. ಮೊದಲ ಆರು ತಿಂಗಳಲ್ಲಿ ಎಷ್ಟು ವಾಪಸ್ಸು ಬರುತ್ತದೋ ಅದೇ ದೊಡ್ಡ ಪಾಲು, ಆಮೇಲೆ ಬರುವುದು ನಿಧಾನ, ಅದಕ್ಕೇ ವ್ಯಾಯಾಮ ಬಿಡಬೇಡಿ ಎಂದು ಡಾಕ್ಟರು ಒತ್ತಿ ಹೇಳಿ ಕಳಿಸಿದರು.

ಅಂಜಿನವ್ವ ವ್ಯಾಯಾಮಕ್ಕೆ ಬಗ್ಗುವ ಹೆಂಗಸಲ್ಲ. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ನೋಡಿ, ಇದರಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ಕೇಳಿದ್ದಳು. ಅವಳನ್ನು ದಾರಿಗೆ ತಂದದ್ದು ದಾವಣಗೆರೆಯ ಫಿಸಿಯೋಥೆರಪಿ ಕೇಂದ್ರದ ಭವ್ಯಾ. ಇನ್ನೂ ಮೂವತ್ತು ತುಂಬದ, ಯಾರಿಗೂ ದನಿ ಏರಿಸದ ಹುಡುಗಿ. ಅವಳ ಕೋಣೆಯಲ್ಲಿ ಒಂದು ಮಿಷನ್ನಿತ್ತು. ಮುಂದೆ ಪರದೆ, ಕೆಳಗೆ ಕೈಯಲ್ಲಿ ಹಿಡಿದು ತಿರುಗಿಸುವ ಒಂದು ಹಿಡಿ. ಹಿಡಿ ತಿರುಗಿಸಿದಂತೆ ಪರದೆಯಲ್ಲೊಂದು ಮೀನು ಮೇಲೆ ಕೆಳಗೆ ಈಜುತ್ತಿತ್ತು. ಕಲ್ಲಿಗೆ ತಾಗದೆ ಕಾಳು ತಿಂದರೆ ಅಂಕ ಏರುತ್ತಿತ್ತು. ಮೊದಲ ದಿನ ಅಂಜಿನವ್ವನಿಗೆ ಹನ್ನೆರಡು ಅಂಕ ಬಂತು. ಅದೇ ದಿನ ಶಾಮನೂರಿನ ಹಂಪವ್ವ ಎಂಬಾಕೆ, ಅವಳದೂ ಇದೇ ಕಾಯಿಲೆ, ನೂರಾ ಎಂಬತ್ತು ಮಾಡಿ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಅಲ್ಲಿಗೆ ಅಂಜಿನವ್ವನ ಹಟ ಕೆರಳಿತು. ವಾರಕ್ಕೆ ಮೂರು ದಿನ ಗಂಡನಿಗಿಂತ ಮುಂಚೆ ಬಸ್‌ಸ್ಟ್ಯಾಂಡಿಗೆ ಹೊರಟು ನಿಲ್ಲತೊಡಗಿದಳು. ಅರವತ್ತು ದಾಟಿದ ಹೆಂಗಸು ಗೇಮು ಆಡುವುದನ್ನು ನೋಡಲಾರದೆ ಹನುಮಂತಪ್ಪ ಹೊರಗಿನ ಬೆಂಚಿನ ಮೇಲೆ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದ. ಆದರೆ ಒಂದು ಮಧ್ಯಾಹ್ನ ಮನೆಯಲ್ಲಿ ಅವಳು ಬಲಗೈಯಲ್ಲಿ ನೀರಿನ ಲೋಟ ಎತ್ತಿದ್ದನ್ನು ಕಂಡ. ಅರ್ಧ ನೀರು ಮೈಮೇಲೆ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ಅಂದಿನಿಂದ ಅವನು ಗೇಮಿನ ವಿಷಯಕ್ಕೆ ಬಾಯಿ ಮುಚ್ಚಿಕೊಂಡ.

ಏಪ್ರಿಲ್ ನಡುವಿನ ಒಂದು ಸೋಮವಾರ, ಅಷ್ಟರಲ್ಲಿ ಹಂಪವ್ವ ಏರಿಸಿಟ್ಟಿದ್ದ ಮುನ್ನೂರಾ ನಲವತ್ತು ಅಂಕವನ್ನು ಮುರಿದೇ ಬರುವುದೆಂದು ಹೊಸ ಸೀರೆ ಉಟ್ಟು ಹೋದ ಅಂಜಿನವ್ವನಿಗೆ ಮೀನು ಕಾಣಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲಿದ್ದವು. ಭವ್ಯಾ ಓದಿ ಹೇಳಿದಳು: ಈ ಸೇವೆ ನಿಲ್ಲಿಸಲಾಗಿದೆ, ಇಷ್ಟು ದಿನ ಜೊತೆಗಿದ್ದುದಕ್ಕೆ ಧನ್ಯವಾದ. ಆ ಮಿಷನ್ನು ದಿನಾ ಬೆಳಿಗ್ಗೆ ಇಂಟರ್ನೆಟ್ಟಿನಲ್ಲಿ ತನ್ನ ಕಂಪನಿಯನ್ನು ಅಪ್ಪಣೆ ಕೇಳಿ, ಅಲ್ಲಿಂದ ಹ್ಞೂಂ ಬಂದ ಮೇಲೆಯೇ ಏಳುವಂಥದ್ದಂತೆ. ಮಾಡಿದ ಚಿಕ್ಕ ಕಂಪನಿಯನ್ನು ಯಾವುದೋ ದೊಡ್ಡ ಕಂಪನಿ ಕೊಂಡಿತು, ದೊಡ್ಡದಕ್ಕೆ ಇದರಲ್ಲಿ ಲಾಭ ಕಾಣಲಿಲ್ಲ, ಹ್ಞೂಂ ಅನ್ನುವವರನ್ನೇ ತೆಗೆದುಹಾಕಿತು. ಭವ್ಯಾ ಹತ್ತು ಸಲ ಫೋನು ಮಾಡಿದಳು. ಹತ್ತು ಸಲವೂ ರೆಕಾರ್ಡು ಮಾಡಿಟ್ಟ ಒಂದೇ ದನಿ.

ಅಂಜಿನವ್ವ ಚೆಂಡಿಗೆ ಮರಳಲಿಲ್ಲ. ಅದು ಮಂಚದ ಕೆಳಗೆ ಉರುಳಿ ಹೋಯಿತು, ತೆಗೆಯಲೂ ಇಲ್ಲ. ಎರಡು ವಾರದಲ್ಲಿ ಬೆರಳುಗಳು ಮತ್ತೆ ಮುದುರತೊಡಗಿದವು. ಯಾರಾದರೂ ಮನೆಗೆ ಬಂದರೆ ಅವಳು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವುದನ್ನು ಕಂಡು ಹನುಮಂತಪ್ಪ ತಿಂಗಳ ಲೆಕ್ಕ ಹಾಕಿದ. ಆರು ತಿಂಗಳಲ್ಲಿ ಮೂರೂವರೆ ಆಗಲೇ ಕಳೆದಿತ್ತು.

ಮರುದಿನ ಒಬ್ಬನೇ ಬಸ್ಸು ಹತ್ತಿ ದಾವಣಗೆರೆಗೆ ಹೋದ. ಆ ಮಿಷನ್ನನ್ನು ಬಿಚ್ಚಿ ನೋಡಲೇ ಎಂದು ಕೇಳಿದ. ಹೇಗೂ ಗುಜರಿಗೆ ಹಾಕುವುದೇ, ಒಯ್ಯಿರಿ ಎಂದು ಕೇಂದ್ರದ ಮಾಲೀಕರು ಅಂದದ್ದೇ ತಡ, ಗೋಣಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡ. ಶೆಡ್ಡಿನಲ್ಲಿ ಅರ್ಧ ದಿನ ಹಿಡಿಯಿತು, ಏಕೆಂದರೆ ಅದಕ್ಕೂ ಸ್ಕ್ರೂ ಇರಲಿಲ್ಲ, ಅಂಟು ಹಾಕಿ ಮುಚ್ಚಿದ್ದರು. ಒಳಗೆ ಏನಿತ್ತು? ಒಂದು ಬೇರಿಂಗು, ಒಂದು ಸ್ಪ್ರಿಂಗು, ಹಿಡಿ ಎಷ್ಟು ತಿರುಗಿತೆಂದು ಅಳೆಯುವ ಒಂದು ಬಿಲ್ಲೆ, ಒಂದು ಬೋರ್ಡು. ಬೇರಿಂಗು ಒಂದಿಷ್ಟೂ ಸವೆದಿರಲಿಲ್ಲ. ಸ್ಪ್ರಿಂಗು ಹೊಸದರಂತಿತ್ತು. ಕೆಟ್ಟುಹೋದ ಮಿಷನ್ನುಗಳನ್ನು ಅವನು ಬದುಕಿನುದ್ದಕ್ಕೂ ಕಂಡಿದ್ದ. ಏನೂ ಕೆಡದೆ ಸತ್ತದ್ದನ್ನು ಕಂಡದ್ದು ಇದೇ ಮೊದಲು. ಸಿಟ್ಟಿನಲ್ಲಿ ಸ್ಕ್ರೂಡ್ರೈವರನ್ನು ಕೆಳಗೆ ಕುಕ್ಕಿದ.

ಬೋರ್ಡು ಅವನ ವಿದ್ಯೆಯಲ್ಲ. ಅದಕ್ಕೆ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಮ್ಜದನ ಹತ್ತಿರ ಹೋದ. ಅಮ್ಜದನಿಗೂ ಅಭಿಪ್ರಾಯಗಳ ಕಾಯಿಲೆಯಿತ್ತು, ವಯಸ್ಸು ಮಾತ್ರ ಅರ್ಧ. ಯಾರಾದರೂ ಹಳೇ ಕಂಪ್ಯೂಟರ್ ತಂದು, ಹೊಸ ವಿಂಡೋಸ್ ಇದನ್ನು ಬೇಡ ಅಂತಿದೆ, ಎಸೆಯಲೇ ಎಂದು ಕೇಳಿದರೆ, ಕುರ್ಚಿ ಎಳೆದು ಕೂರಿಸಿ, ವಿಂಡೋಸಿನ ಬದಲು ಬಿಟ್ಟಿ ಹಾಕಿಕೊಳ್ಳಬಹುದಾದ ಲಿನಕ್ಸಿನ ಪುರಾಣ ಶುರುಮಾಡುತ್ತಿದ್ದ. ಗಿರಾಕಿಗಳಲ್ಲಿ ಅರ್ಧ ಜನ ಪುರಾಣಕ್ಕೆ ಹೆದರಿಯೇ ಒಪ್ಪಿಕೊಳ್ಳುತ್ತಿದ್ದರು. ಹನುಮಂತಪ್ಪನ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ, ಇದಕ್ಕೆ ಬೀಗ ಹಾಕಿದ್ದಾರೆ, ಬಿಡಿ, ಅಳೆಯುವ ಬಿಲ್ಲೆ ಚೆನ್ನಾಗಿದೆ, ಅದಕ್ಕೆ ಬೇರೆ ಸಣ್ಣ ಬೋರ್ಡು ಕೂಡಿಸೋಣ, ಆಟವನ್ನು ನಾವೇ ಮಾಡೋಣ ಎಂದ. ಮೊದಲಿನಿಂದ ಬರೆಯಬೇಕಾಗಿಲ್ಲ, ಇಂಥದ್ದೇ ಒಂದು ಮೀನಿನ ಆಟವನ್ನು ಯಾರೋ ಬರೆದು ಎಲ್ಲರಿಗೂ ಬಿಟ್ಟಿದ್ದಾರೆ ಎಂದು ತೋರಿಸಿದ.

ಹನುಮಂತಪ್ಪನಿಗೆ ಗುಮಾನಿ ಹತ್ತಿತು. ಬಿಟ್ಟಿ ಕೊಡುವವನು ಒಳಗೆ ಏನೋ ಮುಚ್ಚಿಟ್ಟೇ ಇರುತ್ತಾನೆ ಎಂದು ವಾದಿಸಿದ.

"ಮುಚ್ಚಂಗಿಲ್ಲ ಅನ್ನೋದೇ ಇದರ ಷರತ್ತು, ಕಾಕಾ" ಎಂದ ಅಮ್ಜದ್. "ತಗೊಳ್ರಿ, ಬಿಚ್ರಿ, ತಿದ್ರಿ, ಯಾರೂ ಕೇಳಲ್ಲ. ಆದ್ರೆ ತಿದ್ದಿದ್ದನ್ನ ಇನ್ನೊಬ್ರಿಗೆ ಕೊಡುವಾಗ ನೀವೂ ತೆರೆದೇ ಕೊಡಬೇಕು."

ಆಟದ ಒಳಗಿನ ಬರಹವನ್ನು ಪರದೆಗೆ ತಂದ. ಹನುಮಂತಪ್ಪನಿಗೆ ಒಂದಕ್ಷರವೂ ತಿಳಿಯಲಿಲ್ಲ. ನಡುನಡುವೆ ಬೇರೆ ಬಣ್ಣದ ಸಾಲುಗಳು ಏನೆಂದು ಕೇಳಿದ. ಬರೆದವರು ಮುಂದೆ ಬರುವವರಿಗೆ ಬಿಟ್ಟ ಮಾತುಗಳು ಎಂದು ಅಮ್ಜದ್ ಓದಿ ಹೇಳಿದ: ಇದನ್ನು ಅವಸರದಲ್ಲಿ ಮಾಡಿದೆ, ಬಂದವರು ಸರಿಮಾಡಿ, ಇಲ್ಲಿ ವೇಗ ಹೆಚ್ಚಿಸಿದರೆ ಮೀನು ಕಲ್ಲಿನೊಳಗೆ ಹೊಕ್ಕುಬಿಡುತ್ತದೆ, ಹುಷಾರು. ಹನುಮಂತಪ್ಪನಿಗೆ ಹಳೇ ಲೇತು ನೆನಪಾಯಿತು. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹೊರಟವನು ಲೇತಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟು ಹೋಗುತ್ತಿದ್ದ: ಗೇರು ಬಿಗಿ ಐತೆ, ಮೆಲ್ಲಗೆ, ಎಡಗಡೆ ನಟ್ಟು ಸಡಿಲ. ಮುಂದಿನ ಪಾಳಿಗೆ ಬರುವವನು ಯಾರೆಂದು ನೋಡಿ ಬರೆಯುತ್ತಿರಲಿಲ್ಲ. ಜಗಳವಾಡಿ ಮಾತು ಬಿಟ್ಟವನಿಗೂ ಬರೆಯುತ್ತಿದ್ದರು. ಕೈ ಕತ್ತರಿಸಿಹೋಗಬಾರದಲ್ಲ. ಇಷ್ಟು ವರ್ಷಗಳ ಮೇಲೆ ಅದನ್ನು ಅವನು ಕಂಡದ್ದು ಕೆ.ಬಿ. ಬಡಾವಣೆಯ ಒಂದು ಕಂಪ್ಯೂಟರಿನಲ್ಲಿ. ಇದನ್ನು ಬರೆದವನು ಯಾವ ಊರಿನವನು ಎಂದು ಕೇಳಿದ. ಅಮ್ಜದನಿಗೂ ಗೊತ್ತಿರಲಿಲ್ಲ.

ಹತ್ತು ದಿನ ಇಬ್ಬರೂ ದುಡಿದರು. ಅಂಟಿನಿಂದ ಬಿಡಿಸುವಾಗ ಸೀಳಿದ್ದ ಹಳೇ ಹಿಡಿಯ ಬದಲು ಹನುಮಂತಪ್ಪ ಉಕ್ಕಿನಲ್ಲಿ ಹೊಸದು ಕಡೆದ. ಜೀವಮಾನದಲ್ಲಿ ಅಷ್ಟು ಕರಾರುವಾಕ್ಕಾಗಿ ಏನನ್ನೂ ಕಡೆದಿರಲಿಲ್ಲ. ಒಂದಿಷ್ಟೂ ಅಲ್ಲಾಟವಿಲ್ಲ, ಬೆರಳು ತಾಗಿಸಿದರೆ ತಿರುಗಬೇಕು, ತೆಗೆದರೆ ನಿಲ್ಲಬೇಕು. ಅಮ್ಜದನಿಗೂ ಅದೇ ತಾಕೀತು: ಹಿಡಿ ಕೂದಲೆಳೆಯಷ್ಟು ತಿರುಗಿದರೆ ಮೀನೂ ಕೂದಲೆಳೆಯಷ್ಟೇ ಸರಿಯಬೇಕು, ಹೆಚ್ಚಿಲ್ಲ ಕಡಿಮೆಯಿಲ್ಲ. ಅಷ್ಟೊಂದು ಬಿಗಿ ಬೇಕೇ ಎಂದು ಅಮ್ಜದ್ ಅನುಮಾನಿಸಿದ್ದಕ್ಕೆ, ಸಡಿಲ ಬಿಡುವುದು ಕೆಲಸ ಬಾರದವರ ಲಕ್ಷಣ ಎಂದು ಬಾಯಿ ಮುಚ್ಚಿಸಿದ.

ಒಂದು ಭಾನುವಾರ ಬೆಳಿಗ್ಗೆ ಅದನ್ನು ಹರಿಹರದ ಮನೆಯ ನಡುಮನೆಯಲ್ಲಿ ಇಟ್ಟರು. ಭವ್ಯಾಳೂ ಬಂದಿದ್ದಳು, ಮಗಳು ಅಳಿಯ ಬಂದಿದ್ದರು. ಅಂಜಿನವ್ವ ಸೆರಗಿನೊಳಗಿಂದ ಕೈ ತೆಗೆದು ಹಿಡಿಯ ಮೇಲಿಟ್ಟಳು. ಮೀನು ಎರಡನೇ ಕ್ಷಣಕ್ಕೇ ಕಲ್ಲಿಗೆ ಹೊಡೆಯಿತು. ಕೈಯ ಒಂದೊಂದು ನಡುಕವೂ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಮೀನು ಜ್ವರ ಬಂದದ್ದರಂತೆ ಕಂಪಿಸಿ ಕಂಪಿಸಿ ಬಂಡೆಗೆ ಬಡಿಯುತ್ತಿತ್ತು. ಸೋತಾಗಲೆಲ್ಲ ಲೊಡ್ಡೆಂದು ಒಂದು ಸದ್ದು ಬೇರೆ. ಹನ್ನೊಂದು ಸಲ ಆಡಿ ಅವಳು ಕೈ ತೆಗೆದಳು.

"ನನ್ನ ಕೈ ಹೆಂಗೈತೆ ಅಂತ ನಂಗೊತ್ತಿತ್ತು" ಎಂದಳು. "ನಾಲ್ಕು ಮಂದಿ ಮುಂದೆ ತೋರಿಸಾಕ ಇಷ್ಟು ದೊಡ್ಡ ಮಿಷನ್ ಬೇಕಿತ್ತೇನು?"

ಒಳಗೆ ಹೋಗಿ ಮಲಗಿದಳು. ಹನುಮಂತಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಭವ್ಯಾ ಮೆಲ್ಲಗೆ ವಿವರಿಸಿದಳು, ಹಳೇ ಮಿಷನ್ನು ನಡುಕವನ್ನು ಸೋಸಿಬಿಡುತ್ತಿತ್ತು, ಕೈ ಯಾವ ಕಡೆ ಹೋಗಬೇಕೆಂದಿದೆಯೋ ಅದನ್ನಷ್ಟೇ ಮೀನಿಗೆ ಹೇಳುತ್ತಿತ್ತು. ಹಾಗಾದರೆ ಅದು ಸುಳ್ಳು ಹೇಳುತ್ತಿತ್ತು ಎಂದ ಹನುಮಂತಪ್ಪ. ಭವ್ಯಾ ವಾದಕ್ಕೆ ನಿಲ್ಲಲಿಲ್ಲ. ಮೊದಲ ಸಲ ಎದ್ದು ನಡೆದ ದಿನ ಅಮ್ಮನ ಮೊಣಕೈ ಕೆಳಗೆ ನೀವು ಕೈ ಕೊಟ್ಟಿರಲಿಲ್ಲವೇ, ಅದೂ ಸುಳ್ಳೇ ಎಂದು ಕೇಳಿದಳು, ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟಳು.

ಎಲ್ಲರೂ ಹೋದ ಮೇಲೆ ಅವನು ಹಿಡಿಯ ಮುಂದೆ ಕೂತು ತನ್ನ ಎಡಗೈಯಲ್ಲಿ ಆಡಿ ನೋಡಿದ. ಸೋತ. ಮತ್ತೆ ಸೋತ. ಸಂಜೆಯ ಹೊತ್ತಿಗೆ ಒಂದು ಕಾಗದ, ಪೆನ್ಸಿಲ್ ಹಿಡಿದು ಒಳಗೆ ಹೋಗಿ ಮಂಚದ ತುದಿಗೆ ಕೂತ. ಮದುವೆಯಾಗಿ ನಲವತ್ತು ವರ್ಷ, ಯಾವುದನ್ನು ಹೇಗೆ ಮಾಡಲಿ ಎಂದು ಅವಳನ್ನು ಕೇಳಿದವನಲ್ಲ.

"ತಪ್ಪು ಕಡೆದೀನಿ" ಎಂದ. "ನಿಂಗೆ ಹೆಂಗೆ ಬೇಕು, ಹೇಳು. ಬರಕೊಂತೀನಿ."

ಅಂಜಿನವ್ವ ಎದ್ದು ಕೂತಳು. ಆಮೇಲೆ ಹೇಳತೊಡಗಿದಳು. ಉಕ್ಕು ತಣ್ಣಗೆ ಕೊರೆಯುತ್ತದೆ, ಬಟ್ಟೆ ಸುತ್ತಬೇಕು. ಹಿಡಿ ದಪ್ಪಗಿರಬೇಕು, ಲಟ್ಟಣಿಗೆಯಷ್ಟು. ಮೊದಲ ನಾಲ್ಕು ಕಾಳು ಕಲ್ಲಿಲ್ಲದೆ ಸಿಗಬೇಕು, ಮನಸ್ಸಿಗೆ ಧೈರ್ಯ ಬರುತ್ತದೆ. ಆ ಲೊಡ್ಡೆನ್ನುವ ಸದ್ದು ಬ್ಯಾಡ. ಕೈ ಹಿಂದೆ ಬಿದ್ದರೆ ಮೀನು ತುಸು ಕಾಯಬೇಕು. ಇನ್ನು, ಆ ಮೀನೇ ಸರಿಯಿಲ್ಲ, ಯಾವ ಕೆರೆಯಲ್ಲೂ ಅವಳು ಅಂಥದ್ದನ್ನು ಕಂಡಿಲ್ಲ. ಕೊಂಡಜ್ಜಿ ಕೆರೆಯ ನೀರುಕೋಳಿ ಆಗಲಿ. ಅದು ಮುಳುಗುತ್ತದೆ, ಏಳುತ್ತದೆ, ಯಾರ ಹಂಗೂ ಇಲ್ಲ. ಹನುಮಂತಪ್ಪ ಕಾಗದದ ಎರಡೂ ಬದಿ ತುಂಬಿಸಿದ.

ಅಮ್ಜದ್ ಬಿಡಿಸಿದ ನೀರುಕೋಳಿ ಥೇಟು ಬದನೆಕಾಯಿಯಂತಿತ್ತು. ಅಂಜಿನವ್ವ ಮೂರು ಸಲ ವಾಪಸ್ಸು ಕಳಿಸಿದ ಮೇಲೆ ಅದಕ್ಕೆ ಕೊಕ್ಕು ಬಂತು. ಹನುಮಂತಪ್ಪ ಹಿಡಿಯನ್ನು ಮರದಲ್ಲಿ ಮಾಡಿದ. ಕೈಯ ನಡುಕ ಅಲ್ಲೇ ಇಂಗಿಹೋಗಲಿ ಎಂದು ಬೇಕೆಂದೇ ಒಂದಿಷ್ಟು ಸಡಿಲ ಬಿಟ್ಟ. ಬಿಡುವಾಗ ಹಲ್ಲು ಕಚ್ಚಿಕೊಂಡಿದ್ದ. ಕೆಲಸಕ್ಕೆ ಸೇರಿದಂದಿನಿಂದ ಕಲಿತದ್ದಕ್ಕೆಲ್ಲ ಅದು ವಿರುದ್ಧ. ಆದರೆ ನೀರುಕೋಳಿ ಕಲ್ಲು ದಾಟಿತು. ಮೊದಲ ದಿನ ನಲವತ್ತು, ವಾರಕ್ಕೆ ನೂರು. ವಾರವಾರವೂ ಅಂಜಿನವ್ವ ಹೊಸ ತಕರಾರು ತೆಗೆಯುತ್ತಿದ್ದಳು. ಕಾರ್ಖಾನೆಯ ಇನ್ಸ್‌ಪೆಕ್ಟರುಗಳು ಇವಳ ಮುಂದೆ ಏನೂ ಅಲ್ಲ ಎಂದು ಹನುಮಂತಪ್ಪ ಅಮ್ಜದನ ಹತ್ತಿರ ಗೊಣಗಿದ. ಗೊಣಗಿದರೂ ಮುಖ ಅರಳಿತ್ತು. ಜೂನ್ ಕೊನೆಗೆ ಅವಳು ಹೆಬ್ಬೆರಳು ತೋರುಬೆರಳು ಕೂಡಿಸಿ ತೊಗರಿಬೇಳೆಯಲ್ಲಿನ ಕಲ್ಲು ಆರಿಸಿ ಎಸೆಯುತ್ತಿದ್ದಳು. ಡಾಕ್ಟರು ಅವಳ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿ, ಇನ್ನೂ ಬರುತ್ತದೆ, ನಿಲ್ಲಿಸಬೇಡಿ ಎಂದರು.

ಆಗ ಭವ್ಯಾ ಒಂದು ಮಾತು ತೆಗೆದಳು. ಅವಳ ಜೊತೆ ಓದಿದವರ ಮೂರು ಕೇಂದ್ರಗಳಲ್ಲಿ ಅದೇ ಮಿಷನ್ನು ಅದೇ ಸೋಮವಾರ ಸತ್ತು ಬಿದ್ದಿತ್ತು. ಆಟವನ್ನು ಎಲ್ಲರಿಗೂ ಬಿಡಬಹುದೇ, ಜೊತೆಗೆ ಹಿಡಿಯ ಅಳತೆಯ ನಕ್ಷೆ? ಆಟ ತೆರೆದೇ ಇರಬೇಕಾದದ್ದು, ಅದರ ಮಾತೇ ಇಲ್ಲ ಎಂದ ಅಮ್ಜದ್. ಹಿಡಿ ಮಾತ್ರ ಕಾಕಾನದು, ಅದಕ್ಕೆ ಯಾವ ಷರತ್ತೂ ಇಲ್ಲ, ಕೊಟ್ಟರೆ ಕೊಡಬಹುದು, ಗೋಣಿಚೀಲ ಮುಚ್ಚಿದರೆ ಮುಚ್ಚಬಹುದು ಎಂದು ಸೇರಿಸಿ, ನಗು ಬಾರದಂತೆ ಕಂಪ್ಯೂಟರಿನ ಕಡೆ ತಿರುಗಿದ.

ಹನುಮಂತಪ್ಪ ಎರಡು ದಿನ ಭಟ್ಟಿಯ ಶಾಫ್ಟುಗಳನ್ನೇ ಕಡೆಯುತ್ತಾ ಕಳೆದ. ಎಷ್ಟು ದಪ್ಪ, ಎಷ್ಟು ಉದ್ದ, ಎಷ್ಟು ಸಡಿಲ ಎಂಬುದು ಎಷ್ಟೋ ಹಿಡಿ ಹಾಳುಮಾಡಿ ಕಂಡುಕೊಂಡ ಲೆಕ್ಕ. ಕಂಪನಿಗಳನ್ನು ಬೈಯುವುದು ಸುಲಭ, ತನ್ನದನ್ನು ಬಿಚ್ಚಿಡುವುದು ಕಷ್ಟ ಎಂಬುದು ಅವನಿಗೇ ಹೊಸದಾಗಿ ತಿಳಿಯಿತು. ಮೂರನೇ ದಿನ ಊಟಕ್ಕೆ ಬಡಿಸುತ್ತಾ ಅಂಜಿನವ್ವ, ಹಂಪವ್ವನ ಕೈ ಮತ್ತೆ ಮುದುರಿದೆಯಂತೆ, ಶಾಮನೂರಿನಿಂದ ನಮ್ಮ ಮಗಳು ಸುಮಾ ಹೇಳಿದಳು ಎಂದಳು. ಆಮೇಲೆ, "ಕೈ ಸರಿ ಇಲ್ಲದಾಕಿನ್ನ ಗೆದ್ದು ಏನು ಮಾಡ್ಲಿ" ಎಂದಳು. ಹನುಮಂತಪ್ಪ ಉಂಡು ಕೈ ತೊಳೆದು ಶೆಡ್ಡಿಗೆ ಹೋದ. ದೊಡ್ಡ ಹಾಳೆ ಹರವಿ, ಹಿಡಿಯನ್ನು ಮೂರು ಕಡೆಯಿಂದ ಬರೆದು, ಒಂದೊಂದು ಅಳತೆಯನ್ನೂ ತುಂಬಿದ. ಅಂಚಿನಲ್ಲಿ ಬರೆದ: ಇಲ್ಲಿ ಬಿಗಿ ಮಾಡಬ್ಯಾಡ್ರಿ, ನಾನು ಮಾಡಿ ಕೆಟ್ಟೆ.

ಜುಲೈನ ಒಂದು ಶನಿವಾರ ಗಂಡ ಹೆಂಡತಿ ಇಬ್ಬರೂ ಅಮ್ಜದನ ಅಂಗಡಿಗೆ ಹೋದರು. ನಕ್ಷೆ ಕಂಪ್ಯೂಟರಿಗೆ ಏರಿತು. ಮಾಡಿದವರ ಹೆಸರುಗಳ ಪಟ್ಟಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು ಎಂದು ಅಮ್ಜದ್ ತೋರಿಸಿದ. ಮೊದಲು ಬರೆದಿದ್ದ ದೂರದವರ ಹೆಸರುಗಳು ಏಳೋ ಎಂಟೋ ಇದ್ದವು. ಅವುಗಳ ಕೆಳಗೆ ತನ್ನದು, ಭವ್ಯಾಳದು, ಹನುಮಂತಪ್ಪನದು ಬರೆದ. ಹನುಮಂತಪ್ಪ ಅಷ್ಟಕ್ಕೇ ಬಿಡಲಿಲ್ಲ. ಆಟ ಹೇಗಿರಬೇಕೆಂದು ಹೇಳಿದ್ದು ಯಾರು, ಅವಳದು ಮೊದಲು ಬರಲಿ ಎಂದ. ಅಮ್ಜದ್ ಕೀಲಿಮಣೆಗೆ ಕೈ ಹಾಕುವಷ್ಟರಲ್ಲಿ ಅಂಜಿನವ್ವ ಕುರ್ಚಿ ಮುಂದಕ್ಕೆಳೆದುಕೊಂಡಳು.

"ಬ್ಯಾಡ, ತಮ್ಮ. ಯಾವ ಅಕ್ಷರ ಎಲ್ಲೈತೆ ತೋರ್ಸು. ನಾನೇ ಒತ್ತತೀನಿ."

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಲಗೈ ಎತ್ತಿ, ತೋರುಬೆರಳನ್ನು ಮಿಕ್ಕ ಬೆರಳುಗಳಿಂದ ಬಿಡಿಸಿ ಮುಂದೆ ಮಾಡಿದಳು. ಬೆರಳು ಕೀಲಿಯ ಮೇಲೆ ಅತ್ತಿತ್ತ ಅಲ್ಲಾಡಿತು, ಕಾದಳು, ಅದು ನಿಂತಾಗ ಒತ್ತಿದಳು. ಒಂದು ಅಕ್ಷರ ತಪ್ಪು ಬಿತ್ತು. ಹನುಮಂತಪ್ಪನ ಕೈ ತಾನಾಗಿ ಮುಂದೆ ಹೋಯಿತು, ಅರ್ಧಕ್ಕೇ ತಡೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಅಂಗಡಿಗೆ ಬಂದ ಗಿರಾಕಿಯನ್ನು ಅಮ್ಜದ್ ಕಣ್ಣಲ್ಲೇ ಹೊರಗೆ ನಿಲ್ಲಿಸಿದ. ಅವಳು ಅಳಿಸಿ ಮತ್ತೆ ಒತ್ತಿದಳು. ಹತ್ತು ನಿಮಿಷವೇ ಹಿಡಿದಿರಬೇಕು. ಪಟ್ಟಿಯ ಮೇಲ್ಗಡೆ ಅಂಜಿನವ್ವ ಎಂದು ಮೂಡಿತು. ಅದನ್ನು ಓದಲು ಹೋದ ಹನುಮಂತಪ್ಪನಿಗೆ ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ.

ಅವಳು ಅವನ ಕಡೆ ನೋಡಲಿಲ್ಲ. ಬೆರಳನ್ನು ಹಾಗೇ ಮೇಲೆ ಹಿಡಿದುಕೊಂಡು, ಎಲ್ಲರಿಗೂ ಕಳಿಸಲು ಯಾವುದನ್ನು ಒತ್ತಬೇಕು ಎಂದು ಅಮ್ಜದನನ್ನು ಕೇಳಿದಳು. ಅವನು ತೋರಿಸಿದ. ಅವಳು ಒತ್ತಿದಳು.